ಕೆಂಪಿಗೆ ಕರೆಂಟು ಬಂತು

ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಪ್ಪಾ,

ಹೇಗಿದ್ದೀಯ? ಕೆಮ್ಮು ಸ್ವಲ್ಪವಾದರೂ ಬಿಡುವು ಕೊಡುತ್ತಿದೆಯೇ? ಉಸಿರೆಳೆದು ಚೆಂಡು ಏರಿಸುವ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡನೆಯ ಚೆಂಡೂ ಮೇಲೆ ಹೋಯಿತೆಂದು ನರ್ಸಮ್ಮ ಹೇಳಿದ್ದೇ ತಡ, ಅಮ್ಮ ಅದನ್ನು ತನ್ನ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದಾಳೆ. ಪಾಪ, ಸುಟ್ಟುಹೋದ ಫ್ಯಾನು ಹಿಡಿದುಕೊಂಡು ಬಂದವರು ನಿನ್ನ ಶ್ವಾಸಕೋಶದ ಸಮಾಚಾರ ಕೇಳಿಕೊಂಡು ಹೋಗಬೇಕು. ಊಟ ಬಿಡಬೇಡ. ಆಸ್ಪತ್ರೆಯ ಊಟ ಸಪ್ಪೆ ಎಂದು ಮುಖ ಸಿಂಡರಿಸಬೇಡ, ಅಮ್ಮನ ಅಡುಗೆಗೂ ನೀನು ಹಾಗೇ ಮಾಡುತ್ತಿದ್ದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಮಧ್ಯೆ ಬಾಯಿ ಹಾಕುವ ಚಾಳಿ. ಬಾಯಿ ಹಾಕಿದರೆ ಕೆಮ್ಮು, ಕೆಮ್ಮಿದರೆ ನರ್ಸಮ್ಮ ಫೋನು ಕಿತ್ತುಕೊಳ್ಳುತ್ತಾರೆ. ಈಗೀಗ ನಿನ್ನ ದನಿಯೂ ಪಿಸುಮಾತಿನಷ್ಟೇ ಉಳಿದಿದೆ, ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದರೂ ಅರ್ಧ ಕೇಳಿಸುವುದಿಲ್ಲ. ಪತ್ರವಾದರೆ ನೀನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಓದಲೇಬೇಕು, ಅದೇ ಇದರ ಲಾಭ.

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಕಾರನ್ನು, ಕೆಂಪಿಯನ್ನು, ನಾವು ಮಾರಿಲ್ಲ. ಗಿರಾಕಿ ಹುಡುಕುತ್ತಿದ್ದೇವೆ ಎಂದು ಇಷ್ಟು ದಿನ ನಾನು ಹೇಳಿದ್ದೆಲ್ಲ ಬುರುಡೆ. ಗಿರಾಕಿ ಹುಡುಕುವ ಅಗತ್ಯವೇ ಇರಲಿಲ್ಲ ಬಿಡು, ಎದುರುಮನೆಯ ಹಲ್ಲಿನ ಡಾಕ್ಟರು ದಿನ ಬೆಳಗಾದರೆ ಗೇಟಿನ ಹತ್ತಿರ ನಿಂತು, "ಏನಮ್ಮಾ, ಏನು ಯೋಚನೆ ಮಾಡಿದ್ರಿ?" ಎಂದು ಹಲ್ಲು ಕಿರಿಯುತ್ತಿದ್ದರು. ಮಾರಲು ಮನಸ್ಸು ಬರಲಿಲ್ಲ ಅಪ್ಪಾ. ನೀನು ಶೆಡ್ಡಿನಲ್ಲಿ ಕೆಂಪಿಯನ್ನು ಸ್ಟಾರ್ಟ್ ಮಾಡಿ, ಎಂಜಿನ್ನಿಗೆ ಕಿವಿಗೊಟ್ಟು ನಿಂತವನು ಆ ಹೊಗೆಗೆ ಉಸಿರು ಕಟ್ಟಿ ಕುಸಿದೆಯಲ್ಲ, ಅದು ನನ್ನ ಕಣ್ಣಿಂದ ಹೋಗಿಲ್ಲ. ಆಸ್ಪತ್ರೆಗೆ ಸೇರಿದ ಮೇಲೆ ನೀನು ಹೇಳಿದ ಮಾತೂ ಹೋಗಿಲ್ಲ: "ಗಾಡಿಗಳಿಗೆ ಬಣ್ಣ ಹೊಡೆಯೋ ಕೆಲ್ಸ ಬಿಟ್ಟೆ. ಈಗ ಡಾಕ್ಟ್ರು ಗಾಡೀನೂ ಬಿಡು ಅಂತಾರೆ. ನೋಡ್ತಾ ಕೂತ್ರೆ ಹೊಟ್ಟೆ ಉರಿಯುತ್ತೆ, ನಾನು ಬರೋಷ್ಟರಲ್ಲಿ ಮಾರಿಬಿಡಿ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದೆ. ಅಲ್ಲಿಂದಾಚೆ ನೀನು ಮನೆಯ ಬಗ್ಗೆ ಏನನ್ನೂ ಕೇಳಲಿಲ್ಲ, ಯಾವಾಗ ಬಿಡುತ್ತಾರೆ ಎಂದು ಕೂಡ ಕೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕಿಟಕಿಯಾಚೆ ನೋಡುತ್ತಾ, "ಗಾಡಿ ಹೋದ್ರೆ ನಿಮ್ಮಪ್ಪ ಮನೆಗೆ ಬರೋದು ಬರೀ ಮಲಗೋಕೆ" ಎಂದಳು. ತುಕ್ಕು ಹಿಡಿದ ತಗಡಿನ ರಾಶಿಯನ್ನು ತಂದು, ಕೈಯಾರೆ ಬಡಿದು, ಉಜ್ಜಿ, ಒಂದರ ಮೇಲೊಂದು ಕೆಂಪು ಬಳಿದು ನೀನು ಗಾಡಿ ಮಾಡಿದ್ದು ನಾನು ಹುಟ್ಟುವುದಕ್ಕೂ ಮುಂಚೆ. ನನಗಿಂತ ದೊಡ್ಡ ಮಗಳು ಅದು.

ಯೋಚನೆ ಹೊಳೆದದ್ದು ಅಮ್ಮನಿಗೆ. ಊಟ ಮಾಡುತ್ತಾ ಕುಳಿತವಳು ಇದ್ದಕ್ಕಿದ್ದಂತೆ ತಲೆಯ ಮೇಲಿನ ಫ್ಯಾನನ್ನೇ ನೋಡತೊಡಗಿದಳು. "ಡಾಕ್ಟ್ರು ಬೇಡ ಅಂದಿದ್ದು ಹೊಗೆ ತಾನೇ? ಕೆಂಪಿ ಬೇಡ ಅಂದಿಲ್ವಲ್ಲ. ಚಕ್ರ ತಿರುಗಿಸೋಕೆ ಮೋಟರ್ ಸಾಕು, ಜೀವಮಾನ ಎಲ್ಲಾ ನಾನು ಮಾಡಿರೋದು ಅದೇ ಕೆಲ್ಸ ಅಲ್ವಾ?" ಎಂದಳು. ತಲೆ ಕೆಟ್ಟಿದೆಯೇನಮ್ಮಾ ಎಂದು ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮಾರನೆಯ ದಿನವೇ ಗುಜರಿಗೆ ಹೋಗಿ, ಗೋದಾಮಿನಲ್ಲಿ ಸಾಮಾನು ಎತ್ತುವ ಫೋರ್ಕ್‌ಲಿಫ್ಟಿನ ಮೋಟರೊಂದನ್ನು ವ್ಯಾನಿಗೆ ಹೇರಿಸಿಕೊಂಡು ಬಂದಳು. ಒಳಗೆಲ್ಲ ಸುಟ್ಟು ಕರಕಲಾಗಿತ್ತು, ನೋಡಿದರೆ ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಹಳೆಯ ತಂತಿ ಬಿಚ್ಚಿ, ಹೊಸದು ಸುತ್ತಿ, ಬಟ್ಟೆಯ ಪಟ್ಟಿ ಬಿಗಿದು, ವಾರ್ನಿಷಿನಲ್ಲಿ ಅದ್ದಿ, ದೊಡ್ಡ ಬಲ್ಬು ಉರಿಸಿದ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದಳು. ಇದನ್ನೆಲ್ಲ ಅಂಗಡಿಯಲ್ಲೇ ಮಾಡಿದ್ದು, ಗಾಬರಿಯಾಗಬೇಡ. ವಾರ್ನಿಷಿನ ಒಂದು ಹನಿಯ ವಾಸನೆಯೂ ಮನೆಯೊಳಗೆ ಬರಕೂಡದೆಂದು ಅವಳ ಕಟ್ಟಪ್ಪಣೆ.

ಎಂಜಿನ್ ಇಳಿಸಿದ ದಿನ ಮಾತ್ರ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಶೆಡ್ಡಿನ ತೊಲೆಗೆ ಸರಪಳಿ ಹಾಕಿ ಮೇಲಕ್ಕೆಳೆದೆವು. ಕೆಂಪಿಯ ಮೂತಿ ಬರಿದಾಗಿ, ಭಾರ ಕಳೆದುಕೊಂಡ ಮುಂಭಾಗ ಮೇಲಕ್ಕೆದ್ದು ನಿಂತಿತು. ನೀನು ನೋಡಿದ್ದರೆ ಅಳುತ್ತಿದ್ದೆ, ನಾನಂತೂ ಅತ್ತೆ. ಎಂಜಿನ್ ಎಲ್ಲೂ ಹೋಗಿಲ್ಲ ಅಪ್ಪಾ. ಒರೆಸಿ, ಎಣ್ಣೆ ಹಚ್ಚಿ, ಕಂಬಳಿ ಹೊದಿಸಿ ಶೆಡ್ಡಿನ ಮೂಲೆಯಲ್ಲಿ ಮರದ ಪೀಠದ ಮೇಲೆ ಕೂರಿಸಿದ್ದೇವೆ, ಮನೆಯಲ್ಲಿ ಹಿರಿಯರಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ. ಗೇರ್ ಬಾಕ್ಸನ್ನು ಹಾಗೇ ಉಳಿಸಿಕೊಂಡು, ಅದಕ್ಕೂ ಮೋಟರಿಗೂ ನಡುವೆ ಕೂರುವ ದಪ್ಪ ಅಲ್ಯೂಮಿನಿಯಂ ತಟ್ಟೆ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ದಿನವೂ ಲೇತ್ ಯಂತ್ರದ ಮುಂದೆ ನಿಂತು ಪಂಪಿನ ಭಾಗಗಳನ್ನು ಮಾಡುವ ನನಗೆ ಇದೇನು ಮಹಾ ಎಂದುಕೊಂಡಿದ್ದೆ. ಮೊದಲನೆಯದು ಕೂದಲೆಳೆಯಷ್ಟು ಆಚೀಚೆಯಾಗಿ ಮೋಟರು ಗಡಗಡ ನಡುಗಿತು. ಎರಡನೆಯದೂ ನಡುಗಿತು. ಮೂರನೆಯದನ್ನು ಕೂರಿಸಿದಾಗ ಅಮ್ಮ ಅದರ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಳು. ಆಮೇಲೆ ನನ್ನ ಕೆನ್ನೆ ಹಿಂಡಿ ಹೋಗಿ ಚಹಾಕ್ಕೆ ನೀರಿಟ್ಟಳು.

ಬ್ಯಾಟರಿಗಳು, ಅಪಘಾತದಲ್ಲಿ ಹಿಂಬದಿ ಜಜ್ಜಿಹೋದ ಕರೆಂಟು ಕಾರಿನವು. ಅರ್ಧವನ್ನು ಎಂಜಿನ್ ಇದ್ದ ಜಾಗದಲ್ಲಿ, ಅರ್ಧವನ್ನು ಪೆಟ್ರೋಲ್ ಟ್ಯಾಂಕ್ ಇದ್ದ ಜಾಗದಲ್ಲಿ ಕೂರಿಸಿದ್ದೇವೆ, ಮೂತಿಯ ಭಾರ ಮತ್ತೆ ಸರಿಹೋಗಿದೆ. ಅವುಗಳ ತಂತಿ ಜೋಡಿಸುವಾಗ ಅಮ್ಮನನ್ನು ನೋಡಬೇಕಿತ್ತು ನೀನು. ರಬ್ಬರ್ ಗವಸು ಹಾಕಿಕೊಂಡು, ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಕೆಲಸ. ಎರಡೂ ಕೈ ಮುಂದಿದ್ದರೆ ಒಂದರಿಂದ ಹೊಕ್ಕ ಕರೆಂಟು ಎದೆ ದಾಟಿ ಇನ್ನೊಂದರಿಂದ ಹೋಗುತ್ತದೆ ಎಂದು ಅವಳ ಗುರುಗಳು ಕಲಿಸಿದ ಪಾಠವಂತೆ. ಮದುವೆಯಾದಾಗಿನಿಂದ ಬಿಚ್ಚದ ಉಂಗುರವನ್ನೂ ಸೋಪು ಹಚ್ಚಿ ಎಳೆದು ತೆಗೆದು ಮೊಳೆಗೆ ನೇತುಹಾಕಿದಳು. "ನಿಮ್ಮಪ್ಪನಿಗೆ ಹೇಳ್ಬೇಡ, ಆಮೇಲೆ ಅದೊಂದು ರಾಗ" ಎಂದಳು. ಹೇಳಿಬಿಟ್ಟೆ. ನಾನು ಇಷ್ಟು ವರ್ಷ ಅಮ್ಮನನ್ನು ಫ್ಯಾನು, ಮಿಕ್ಸಿ ರಿಪೇರಿ ಮಾಡುವವಳೆಂದಷ್ಟೇ ನೋಡಿದ್ದೆ. ಆ ಹೊತ್ತು ನನಗೆ, ಇವಳು ನನ್ನ ಅಮ್ಮನೇ ಎಂದು ಬೆರಗಾಯಿತು.

ಈಗ ನಮ್ಮ ಘನಕಾರ್ಯ ಕೇಳು. ಹಿಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಸ್ವಿಚ್ ಹಾಕಿ ಪೆಡಲ್ ಒತ್ತಿದೆ. ಚಕ್ರ ತಿರುಗಿತು! ಅಮ್ಮ ಕುಣಿದಳು, ನಾನು ಕುಣಿದೆ, "ಕರೆಂಟು ಬಂತು, ಕೆಂಪಿಗೆ ಕರೆಂಟು ಬಂತು" ಎಂದು ಚಿಕ್ಕ ಮಕ್ಕಳ ಹಾಗೆ ಕಿರುಚಾಡಿದೆವು. ಆ ಸಂಭ್ರಮದಲ್ಲಿ ಚಕ್ರ ಯಾವ ಕಡೆ ತಿರುಗಿತು ಎಂದು ಇಬ್ಬರೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಗೇಟು ತೆರೆದು, ಬೀದಿಗೆ ಬೆನ್ನು ಮಾಡಿ ನಿಂತಿದ್ದ ಕೆಂಪಿಯಲ್ಲಿ ಕುಳಿತು, ಒಂದಡಿ ಮುಂದೆ ಬಿಟ್ಟು ನೋಡೋಣವೆಂದು ಮೊದಲ ಗೇರು ಹಾಕಿದೆ. ಅದು ಹಿಂದಕ್ಕೆ ಹೊರಟಿತು! ಗಾಬರಿಯಲ್ಲಿ ಬ್ರೇಕೆಂದು ಪೆಡಲನ್ನೇ ಇನ್ನಷ್ಟು ಒತ್ತಿದೆ. ಸದ್ದೇ ಇಲ್ಲದೆ ಬೀದಿ ದಾಟಿ ಹಲ್ಲಿನ ಡಾಕ್ಟರ ಹೂವಿನ ಕುಂಡಗಳಿಗೆ ಗುದ್ದಿ ನಿಂತಿತು. ಗಿಡಕ್ಕೆ ನೀರು ಹಾಕುತ್ತಿದ್ದ ಅವರು ಪೈಪು ಹಿಡಿದುಕೊಂಡೇ, "ಏನಮ್ಮಾ, ಗಾಡೀನ ಮನೆ ಬಾಗಿಲಿಗೇ ತಂದ್ಕೊಡ್ತಿದ್ದೀರಾ?" ಎಂದರು. ಆಮೇಲೆ ತಿಳಿಯಿತು. ಎಂಜಿನ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ ಎಂದು ಅಮ್ಮನಿಗೆ ಹೇಳಿದವಳು ನಾನು, ಕೆಂಪಿಯ ಮೂತಿಯ ಮುಂದೆ ನಿಂತು ನೋಡಿ. ಫ್ಯಾನಿನವರಾದರೋ ಮೋಟರನ್ನು ನೋಡುವುದು ರೆಕ್ಕೆ ಸಿಕ್ಕಿಸುವ ತುದಿಯಿಂದ. ಆ ತುದಿ ನಮ್ಮ ಗಾಡಿಯಲ್ಲಿ ಗೇರ್ ಬಾಕ್ಸಿನ ಕಡೆಗಿದೆ, ಅಂದರೆ ನಾನು ನಿಂತದ್ದಕ್ಕೆ ತದ್ವಿರುದ್ಧ. ಅಮ್ಮ ಹಣೆ ಚಚ್ಚಿಕೊಂಡು, ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿದಳು. ಅಷ್ಟೇ, ಸರಿಹೋಯಿತು. ಕುಂಡಗಳನ್ನು ಹೊಸದಾಗಿ ತಂದುಕೊಟ್ಟಿದ್ದೇವೆ. ನಿನ್ನ ಕೆಂಪಿಗೆ ಒಂದು ಗೀರೂ ಬಿದ್ದಿಲ್ಲ, ಬಂಪರು ಮಾತ್ರ ಸ್ವಲ್ಪ ಒಳಗೆ ಹೋಗಿದೆ. ಆಮೇಲೆ ವಾಹನ ಪರೀಕ್ಷೆಯ ಅಧಿಕಾರಿ ಬಂದು, ಬಗ್ಗಿ, ಇಣುಕಿ, ಓಡಿಸಿ ನೋಡಿ ಒಪ್ಪಿಗೆಯನ್ನೂ ಕೊಟ್ಟರು.

ಅಪ್ಪಾ, ಮೊನ್ನೆ ಅಮ್ಮನೂ ನಾನೂ ಊರ ಹೊರಗಿನ ಆ ತಿರುವು ರಸ್ತೆಯವರೆಗೆ ಹೋಗಿ ಬಂದೆವು. ಹೇಗೆ ಹೇಳಲಿ ನಿನಗೆ? ಓಡಿಸಿದ್ದು ಅಮ್ಮ. ಅಂಗಡಿಯ ವ್ಯಾನನ್ನು ಇಷ್ಟು ವರ್ಷ ಓಡಿಸಿದವಳಿಗೆ ನೀನು ಕೆಂಪಿಯ ಸ್ಟೇರಿಂಗ್ ಮುಟ್ಟಲು ಬಿಟ್ಟಿರಲಿಲ್ಲವಲ್ಲ, ಆ ಸೇಡೆಲ್ಲ ತೀರಿಸಿಕೊಂಡಳು. ಪೆಡಲ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಏರು ರಸ್ತೆ ಇಳಿಜಾರಿನಂತೆ ಆಗಿಬಿಡುತ್ತದೆ, ಅಬ್ಬಾ! ಆದರೆ ನನ್ನ ಮೈ ಜುಮ್ಮೆನ್ನಿಸಿದ್ದು ಓಟವಲ್ಲ, ಆ ನಿಶ್ಶಬ್ದ. ಟಾರಿನ ಮೇಲೆ ಟೈರು ಉಜ್ಜುವುದು ಕೇಳಿಸಿತು. ಬೇಲಿಯೊಳಗೆ ಹಕ್ಕಿ ಕೂಗಿದ್ದು ಕೇಳಿಸಿತು. ಬಸ್ ನಿಲ್ದಾಣದಲ್ಲಿ ಯಾರೋ ಹೆಂಗಸು, "ನೋಡ್ರೀ, ಎಷ್ಟು ಕೆಂಪಗಿದೆ" ಎಂದದ್ದು ನಮ್ಮ ಪಕ್ಕದಲ್ಲೇ ಕುಳಿತು ಹೇಳಿದಂತೆ ಕೇಳಿಸಿತು. ಮೊದಲೆಲ್ಲ ಬೀದಿಯ ತಿರುವಿನಲ್ಲಿ ಕೆಂಪಿ ಗುಡುಗಿದರೆ ಸಾಕು, ಅಮ್ಮ ಚಹಾಕ್ಕೆ ನೀರಿಡುತ್ತಿದ್ದಳು. ಆ ಗುಡುಗು ಹೋಯಿತಲ್ಲ ಎಂದು ನನಗೂ ಸಂಕಟವಿತ್ತು, ಸುಳ್ಳೇಕೆ ಹೇಳಲಿ. ಮೊನ್ನೆ ಆ ಸಂಕಟ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತಿರುವಿನ ಮರದ ಕೆಳಗೆ ನಿಲ್ಲಿಸಿ ಅಮ್ಮ ಸ್ಟೇರಿಂಗನ್ನು ಅಂಗೈಯಿಂದ ಸವರಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಈ ರಸ್ತೇಲಿ ಗಾಡಿ ಓಡಿಸ್ತಾ ದಾರಿಯುದ್ದಕ್ಕೂ ಏನೇನೋ ಹೇಳ್ತಿದ್ರು ಕಣೇ. ಆ ಸದ್ದಲ್ಲಿ ನಂಗೆ ಒಂದು ಮಾತೂ ಕೇಳಿಸ್ತಿರ್ಲಿಲ್ಲ. ಅವ್ರ ಖುಷಿ ಯಾಕೆ ಕೆಡಿಸ್ಲಿ ಅಂತ ಸುಮ್ನೆ ತಲೆ ಆಡಿಸ್ತಿದ್ದೆ."

ಹಲ್ಲಿನ ಡಾಕ್ಟರು ಈಗ ಕೆಂಪಿಯ ಆಸೆ ಬಿಟ್ಟು, ತಮ್ಮ ಹಳೆಯ ಕಾರಿಗೂ ಹೀಗೇ ಮಾಡಿಕೊಡಿ ಎಂದು ಅಮ್ಮನ ಬೆನ್ನು ಹತ್ತಿದ್ದಾರೆ. ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮೂರನೆಯ ಚೆಂಡನ್ನೂ ಒಮ್ಮೆ ಏರಿಸಿಬಿಡು, ಅವಸರವಿಲ್ಲ, ನಿನ್ನ ಕೈಲಾದಾಗ. ಅಮ್ಮ ಪಕ್ಕದಲ್ಲೇ ನಿಂತು, ಎಲ್ಲ ಬರೆದೆಯಾ, ಉಂಗುರದ ವಿಷಯ ಬರೆದಿಲ್ಲ ತಾನೇ ಎಂದು ಇಣುಕುತ್ತಿದ್ದಾಳೆ. ಅವಳ ಕಣ್ಣಿಗೆ ಬೀಳುವ ಮುಂಚೆ ಲಕೋಟೆಗೆ ಹಾಕುತ್ತೇನೆ. ಮೈ ಕಡೆ ಗಮನವಿರಲಿ. ನಿನ್ನನ್ನು ಎಷ್ಟು ನೆನೆಸಿಕೊಳ್ಳುತ್ತೇವೆಂದು ಬರೆಯಲು ಹೋದರೆ ಕಾಗದ ಒದ್ದೆಯಾಗುತ್ತದೆ, ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಕಾಲಿಗೆ ನಮಸ್ಕರಿಸುವ,
ನಿನ್ನ ಎರಡನೆಯ ಮಗಳು (ಮೊದಲನೆಯವಳು ಶೆಡ್ಡಿನಲ್ಲಿ ಚಾರ್ಜ್ ಆಗುತ್ತಿದ್ದಾಳೆ)

ಮರೆತೇಬಿಟ್ಟಿದ್ದೆ, ಅವಸರದಲ್ಲಿ ಸೇರಿಸುತ್ತಿದ್ದೇನೆ: ಶನಿವಾರ ನಿನ್ನನ್ನು ಮನೆಗೆ ಕಳಿಸುತ್ತಾರಂತೆ, ದೊಡ್ಡ ಡಾಕ್ಟರು ಅಮ್ಮನಿಗೆ ಹೇಳಿದರು. ಟ್ಯಾಕ್ಸಿಗೆ ಹೇಳಬೇಡ, ಕೆಂಪಿ ಬರುತ್ತಾಳೆ. ಇರುವುದು ಎರಡೇ ಸೀಟಾದ್ದರಿಂದ ನಾನು ಬರುವುದಿಲ್ಲ, ಅಮ್ಮ ಒಬ್ಬಳೇ ಓಡಿಸಿಕೊಂಡು ಬರುತ್ತಾಳೆ. ಆಸ್ಪತ್ರೆಯ ಕಾವಲುಗಾರರ ಕೋಣೆಯಲ್ಲಿ ಚಾರ್ಜಿಗೆ ಹಾಕಲು ಒಪ್ಪಿಸಿಕೊಂಡೂ ಆಗಿದೆ, ಅದಕ್ಕಾಗಿ ಅವರ ಫ್ಯಾನನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟಳು. ಸದ್ದು ಕೇಳಿದ ಮೇಲೆ ಏಳೋಣವೆಂದು ಮಲಗಿರಬೇಡ, ಗೇಟಿನ ಕಡೆ ಕಣ್ಣಿಟ್ಟಿರು. ತಿರುವು ರಸ್ತೆ ಬಂದ ಮೇಲೆ ಸ್ಟೇರಿಂಗ್ ನಿನ್ನದಂತೆ, ದೊಡ್ಡ ಡಾಕ್ಟರೂ ಹ್ಞೂಂ ಎಂದಿದ್ದಾರೆ. ಆದರೆ ಅಮ್ಮನದೊಂದು ಕರಾರು: ಇಷ್ಟು ವರ್ಷ ಆ ರಸ್ತೆಯಲ್ಲಿ ನೀನು ಹೇಳಿದ್ದನ್ನೆಲ್ಲ ಅವಳಿಗೆ ಇನ್ನೊಮ್ಮೆ ಹೇಳಬೇಕಂತೆ. ಕೂಗುವುದು ಬೇಡ ಅಪ್ಪಾ. ಈಗ ಉಳಿದಿರುವಷ್ಟು ದನಿ ಸಾಕು.