ಗೂಡಿನ ಚಿಲಕ

ಅಪ್ಪಾ,

ನೀ ಸತ್ತು ಎರಡು ವರ್ಷವಾಯಿತು, ಇವತ್ತು ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿದೆ.

ಅಂಕೋಲೆಯ ಮೊಲದ ಪ್ರದರ್ಶನದಿಂದ ಈಗಷ್ಟೇ ಕದ್ವಾಡಕ್ಕೆ ಬಂದೆ. ತೀರ್ಪುಗಾರರು ನಮ್ಮ ಚಿಂಚಿಲ್ಲಾ ತಳಿಯ ಗಂಡು ಮೊಲವನ್ನು ಮೇಜಿನ ಮೇಲೆ ಕೂರಿಸಿ ಬೆನ್ನಿನ ತುಪ್ಪಳಕ್ಕೆ ಬಾಯಿಂದ ಊದಿದರು. ಕೂದಲು ಬಿಚ್ಚಿಕೊಂಡಲ್ಲಿ ಬಿಳಿ ಉಂಗುರ ಕಾಣಬೇಕಿತ್ತು, ಹಳದಿ ಕಂಡಿತು.

"ಇದು ಬೆರಕೆ, ತಂಗಿ. ತಗಂಡು ಹೋಗು," ಅಂದರು, ಎಲ್ಲರೆದುರು.

ನಾ ಬಿಡುತ್ತೇನಾ? ಪ್ರತಿ ಮೊಲದ ತಂದೆತಾಯಿ ಯಾರೆಂದು ನೀ ಬರೆದಿಟ್ಟ ಪುಸ್ತಕವನ್ನು ಅವರ ಮುಖಕ್ಕೆ ಹಿಡಿದು, "ನಮ್ಮಪ್ಪ ಸುಳ್ಳು ಬರೆಯುವವನಲ್ಲ!" ಎಂದು ಕೂಗಾಡಿದೆ.

ಮನೆಗೆ ಬಂದು ಪುಸ್ತಕ ತಿರುವಿದೆ. ಇದರ ಅಜ್ಜಿಯನ್ನು ಗಂಡಿನ ಹತ್ತಿರ ಬಿಟ್ಟದ್ದು ೨೦೦೩ರ ಚೌತಿಯ ಮರುದಿನ. ಅವತ್ತು ಆ ಗೂಡಿನ ಚಿಲಕ ಹಾಕಲು ಮರೆತವಳು ನಾನು. ಪಕ್ಕದ ಮನೆ ಕಾಶಿಯ ಬೆರಕೆ ಗಂಡು ಮೊಲ ಒಳಗೆ ಹೊಕ್ಕಿತ್ತು. ಯಾರೂ ನೋಡುವ ಮೊದಲೇ ಎತ್ತಿ ಹೊರಗೆ ಹಾಕಿದೆ.

"ಚಿಲಕ ಹಾಕಿದ್ಯನೇ?" ಎಂದು ಜಗಲಿಯಿಂದಲೇ ಕೇಳಿದೆ ನೀನು.

"ಹಾಕಿದ್ದೆ," ಅಂದೆ.

ಎದ್ದು ಬಂದು ಒಮ್ಮೆ ನೋಡಲಿಕ್ಕೆ ಏನಾಗಿತ್ತು ನಿಂಗೆ? ನಾ ಹೇಳಿದ್ದೇ ಸಾಕೆಂದು "ಶುದ್ಧ" ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆಯಲ್ಲ!