ಶರ್ವಾಣಿ ಮುಚ್ಚದೆ ಹೋದ ತಟ್ಟಿ

ಕಡೆಯ ಅದಿರು ಲಾರಿ ಕಣಿವೆ ಇಳಿದುಹೋದ ಮೇಲಿನ ನೂರ ನಲವತ್ತನೆಯ ವರ್ಷ,
ಕಾರ್ತಿಕ ಮಾಸ, ನಿಮಗಿನ್ನೂ ಬಾರದ ಒಂದು ಬುಧವಾರ

ಶರ್ವಾಣಿ ಅವರಿಗೆ,

ಮೊದಲು ಸಾರಿ ಕೇಳುತ್ತೇನೆ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಬಹುದು. ಅದರಲ್ಲಿ ಅರ್ಧ ಹಾಸ್ಟೆಲಿನ ಇಂಗ್ಲಿಷು, ಉಳಿದರ್ಧ ನನ್ನಜ್ಜಿಯ ಮಾತು, ನಡುನಡುವೆ ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರದ ಪದಗಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಈಗ ದಾರಿಶಾಸ್ತ್ರದ ಮೊದಲ ವರ್ಷ. ದಾರಿಗಳು ಹೇಗೆ ಹುಟ್ಟುತ್ತವೆ, ಯಾರಿಗೆ ಸೇರುತ್ತವೆ ಎಂದು ಕಲಿಸುವ ಓದು ಅದು. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ, ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ತಲುಪುತ್ತದೆಂಬ ಗ್ಯಾರಂಟಿ ಇಲ್ಲ. ಎಲ್ಲರೂ ತೀರಿಕೊಂಡ ತಮ್ಮವರಿಗೆ ಬರೆಯುತ್ತಾರೆ. ನಾನು ಎಂದೂ ಕಾಣದ ನಿಮಗೆ ಬರೆಯುತ್ತಿದ್ದೇನೆಂದು ತಿಳಿದಾಗ ನನ್ನ ರೂಮ್‌ಮೇಟು, "ಹುಚ್ಚೇನೇ ನಿಂಗೆ? ಇರೋದೊಂದು ಪತ್ರ, ಯಾರೋ ದಾರಿಹೋಕಳಿಗೆ ವೇಸ್ಟ್ ಮಾಡ್ತೀಯಲ್ಲ," ಎಂದಳು. ನೀವು ದಾರಿಹೋಕರಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ನಿಮ್ಮ ಹೆಸರು ಕೇಳುತ್ತಲೇ ನಾನು ನಡೆಯಲು ಕಲಿತವಳು.

ನೀವು ಸೈಕಲ್ ಹೊಡೆದ ಹುಲಿಕೊಳ್ಳದ ಕಣಿವೆ ಇನ್ನೂ ಇದೆ. ಗಣಿ ಮುಚ್ಚಿದ ಮೇಲೆ ಲಾರಿಗಳು ಬಿಟ್ಟುಹೋದ ಕೆಂಪು ಜಲ್ಲಿದಾರಿಗಳೇ ನಮ್ಮ ಆಸ್ತಿ. ಡಾಂಬರು ಹಾಕಲು ಊರುಗಳು ಬಿಟ್ಟಿಲ್ಲ. ಮಳೆ ನಿಂತೊಡನೆ ಪ್ರತಿ ಊರೂ ತನ್ನ ಪಾಲಿನ ದಾರಿಗೆ ಜಲ್ಲಿಯನ್ನು ಜರಡಿ ಹಿಡಿದು ಹರಡುತ್ತದೆ. ಇದಕ್ಕೆ ನಾವು ಹರವು ಎನ್ನುತ್ತೇವೆ. ನಾರಿಗುಡ್ಡದವರದು ಸಣ್ಣ ಜಲ್ಲಿ, ಟೈರಿನಡಿ ಹುರಿಗಡಲೆ ಅಗಿದಂತೆ ಸದ್ದು. ತೊಣಚಿಹಳ್ಳಿಯವರದು ದಪ್ಪ, ಸೈಕಲ್ ಸವಾರರ ಹಲ್ಲು ಅದುರುತ್ತದೆ. ಆ ಊರಿನ ಅಳಿಯನಾದವನನ್ನು ಕಂಡರೆ ಕಣಿವೆಯವರೆಲ್ಲ, "ಮಾವ ಬಂಗಾರ ಕೊಟ್ಟನೋ, ಟ್ಯೂಬು ಕೊಟ್ಟನೋ?" ಎಂದು ಕಾಡುತ್ತಾರೆ. ಜಗಲಿಗಳಲ್ಲಿ ಬಂದ ಸವಾರರಿಗೆ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಬಾಗಿಲ ಪಕ್ಕ ಗಾಳಿ ಹೊಡೆಯುವ ಪಂಪು. ಸಂಜೆಯ ಹೊತ್ತಿಗೆ ಎಲ್ಲರ ಮೈಯೂ ಒಂದೇ ಕೆಂಪು. ಸ್ನಾನ ಆಗುವವರೆಗೆ ಊರವರು ಯಾರು, ಸವಾರರು ಯಾರು, ಗೊತ್ತಾಗುವುದಿಲ್ಲ. ಈ ಬದುಕು ನನಗೆ ಇಷ್ಟ. ದಾರಿಶಾಸ್ತ್ರ ಸೇರಿದ್ದೂ ಅದಕ್ಕೇ.

ನಮ್ಮದು ಕಣಿವೆಯ ತುದಿಯ ಕುರುಬರ ಹಟ್ಟಿ. ಗಾಳಿ ಬೀಸದ ಒಂದೇ ಒಂದು ಇಳಿಜಾರು ಅಲ್ಲಿದೆ. ಅಲ್ಲೇ ನಮ್ಮ ರೊಪ್ಪ, ಎಂದರೆ ಕುರಿ ಕೂಡುವ ಮುಳ್ಳುಬೇಲಿ. ಅದಕ್ಕೆ ಮೇಲೊಂದು, ಕೆಳಗೊಂದು ತಟ್ಟಿ. ಮುಳ್ಳು ಹೆಣೆದ ಬಾಗಿಲುಗಳವು. ರೊಪ್ಪದ ನೇಮ ಒಂದೇ: ದಾಟಿದವರು ತಮ್ಮ ಕೈಯಾರೆ ತಟ್ಟಿ ಮುಚ್ಚಬೇಕು. ಗೌಡನಾಗಲಿ, ಸ್ವಾಮಿಯಾಗಲಿ, ಅವರ ಬದಲು ಇನ್ನೊಬ್ಬರು ಮುಚ್ಚುವಂತಿಲ್ಲ. ಮುಚ್ಚಿದವರು ಹಟ್ಟಿಯ ನಂಟರು.

ಮುಂದಿನದು ನಿಮಗೇ ಗೊತ್ತು. ಆದರೂ ನಮ್ಮಲ್ಲಿ ಅದನ್ನು ಹೇಗೆ ಹೇಳುತ್ತಾರೆಂದು ಕೇಳಿ. ಶರ್ವಾಣಿ ಎಂಬ ಹುಡುಗಿ ಒಂದು ಭಾನುವಾರ ಮೇಲಿನ ತಿರುವಿನಲ್ಲಿ ಜಾರಿ ಬಿದ್ದಳು. ಎಡ ಹೆಗಲಿನ ಎಲುಬು ಮುರಿದಿತ್ತು. ನನ್ನ ಮುತ್ತಜ್ಜನ ಅಜ್ಜ ಹಾಲಪ್ಪ ಅವಳಿಗೆ ಹಾಲು ಕುಡಿಸಿ, ಸೈಕಲ್ ಸಮೇತ ತನ್ನ ಮೂರು ಚಕ್ರದ ಟಂಟಂನಲ್ಲಿ ಹೇರಿಕೊಂಡು, ಸುತ್ತುದಾರಿಯಲ್ಲಿ ಹೋದರೆ ನೋವು ತಾಳಲಾರಳೆಂದು ಕುರಿಗಳನ್ನು ಅತ್ತಿತ್ತ ಸರಿಸಿ ರೊಪ್ಪದ ನಡುವೆಯೇ ಗಾಡಿ ಇಳಿಸಿದ. ಕೆಳಗಿನ ತಟ್ಟಿ ದಾಟಿದ ಮೇಲೆ, ಇಳಿದು ಮುಚ್ಚಲು ಅವಳಿಗೆ ಆಗಲಿಲ್ಲ. "ಇರ್ಲಿ ಬಿಡವ್ವ, ಇವತ್ತು ನಾ ಮುಚ್ತೀನಿ. ಕೈ ಕೂಡಿದ ಮ್ಯಾಲೆ ಬಂದು ನೀನ ಮುಚ್ಚೀಯಂತೆ," ಎಂದ ಹಾಲಪ್ಪ. "ಬಂದೇ ಬರ್ತೀನಿ ಅಣ್ಣಾ," ಎಂದಿರಂತೆ ನೀವು.

ಅಂದಿನಿಂದ ಕೆಳಗಿನ ತಟ್ಟಿಗೆ ನಿಮ್ಮದೇ ಹೆಸರು. ಯಾರಾದರೂ ಬಾಗಿಲು ಹಾಕದೆ ಬಂದರೆ ನನ್ನಜ್ಜಿ ಮಾಳವ್ವ ಇವತ್ತಿಗೂ, "ಯಾಕ, ಶರ್ವಾಣಿ ಬಂದು ಮುಚ್ಚಬೇಕೇನು?" ಎನ್ನುತ್ತಾಳೆ. ನಾನು ದಾರಿಶಾಸ್ತ್ರ ಓದಲು ಹೊರಟಾಗ ಅಜ್ಜಿ ಹೇಳಿದ್ದೂ ನಿಮ್ಮ ಬಗ್ಗೆಯೇ: "ದೊಡ್ಡ ಸಾಲಿ ಸೇರಾಕತ್ತೀದಿ. ಅಕಿ ಯಾರು, ಯಾವೂರಾಕಿ, ಏನಾದಳು ಅಂತ ಒಂದೀಟು ಹುಡುಕವ್ವ. ಬರ್ತೀನಂದಾಕಿ ಬರಲಿಲ್ಲಂದ್ರ ಪಾಪ, ಏನು ಕಷ್ಟ ಬಂತೋ."

ಹುಡುಕಬೇಕಾಗಿಯೇ ಬರಲಿಲ್ಲ. ನೀವು ಕ್ಲಾಸಿಗೇ ಬಂದಿರಿ.

ಉರುಳುಹಕ್ಕು ಎಂಬ ಕಾನೂನು ನಮ್ಮಲ್ಲಿದೆ. ಚಕ್ರ ಉರುಳಿದ ಗುರುತು ದಾಖಲಾಗಿ, ಆ ಜಾಡಿನಲ್ಲಿ ತಲೆಮಾರುಗಟ್ಟಲೆ ಜನ ಓಡಾಡಿದ್ದರೆ ಅದು ಎಲ್ಲರ ದಾರಿ. ಅದಕ್ಕೆ ಬೇಲಿಯಿರಬಾರದು, ಬಾಗಿಲಿರಬಾರದು. ದೊಡ್ಡ ಎಸ್ಟೇಟುಗಳು ದಾರಿಗಳನ್ನು ನುಂಗದಿರಲಿ ಎಂದು ಮಾಡಿದ್ದು. ಒಳ್ಳೆಯ ಕಾನೂನೇ, ಪರೀಕ್ಷೆಯಲ್ಲಿ ನಾನೇ ಅದನ್ನು ಹೊಗಳಿ ಬರೆದಿದ್ದೆ. ಅದಕ್ಕೆ ಉದಾಹರಣೆಯೆಂದು ಮೇಡಂ ಕಣಿವೆಯ ಹಳೆಯ ಗೆರೆಯೊಂದನ್ನು ಗೋಡೆಯ ಮೇಲೆ ತೋರಿಸಿದರು. ಸೈಕಲ್ಲಿನ ಯಂತ್ರ ತಾನಾಗಿ ದಾಖಲಿಸಿಕೊಳ್ಳುವ, ನೀವು ರೂಟ್ ಅನ್ನುವುದನ್ನು ನಾವು ಗೆರೆ ಅನ್ನುತ್ತೇವೆ. ಮೇಲೆ ನಿಮ್ಮ ಹೆಸರು. ಕೆಳಗೆ ನಿಮ್ಮದೇ ಮಾತು: "ಹುಲಿಕೊಳ್ಳದ ಸೀಕ್ರೆಟ್ ಶಾರ್ಟ್‌ಕಟ್! ಸುತ್ತು ಹೊಡೆಯೋದೇ ಬೇಡ, ಮಸ್ತ್ ಇಳಿಜಾರು. ಎಲ್ಲರೂ ಟ್ರೈ ಮಾಡಿ." ಕ್ಲಾಸೆಲ್ಲ ಚಪ್ಪಾಳೆ. ಒಬ್ಬಳೇ ಸುಮ್ಮನೆ ಕೂತರೆ ಎಲ್ಲರೂ ತಿರುಗಿ ನೋಡುತ್ತಾರೆಂಬ ಹೆದರಿಕೆಗೆ ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ಗೆರೆಯನ್ನು ಸರಿಯಾಗಿ ನೋಡಿದೆ. ಒಂದೆಡೆ ಅದು ಬಹಳ ಹೊತ್ತು ನಿಂತಿತ್ತು, ಅದು ನೀವು ಹಾಲು ಕುಡಿದ ಜಾಗ. ಅಲ್ಲಿಂದ ನೇರ ನಮ್ಮ ರೊಪ್ಪದೊಳಗೆ ಇಳಿದಿತ್ತು.

ನೋವಿನಲ್ಲಿ ಸೈಕಲ್ಲಿನ ಆ ಯಂತ್ರ ಆರಿಸಲು ಮರೆತಿರಿ. ಅದನ್ನು ನಾನು ಕ್ಷಮಿಸಬಲ್ಲೆ. ಆದರೆ ಮನೆ ಸೇರಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಆರಾಮಾಗಿ ಕೂತು ಆ ಸಾಲು ಬರೆದಿರಲ್ಲ? ಒಂದು ದಿನದ ಮಟ್ಟಿಗೆ, ನಿಮ್ಮೊಬ್ಬರ ನೋವಿಗೆಂದು ತೆರೆದ ಬಾಗಿಲನ್ನು ಶಾರ್ಟ್‌ಕಟ್ ಎಂದಿರಲ್ಲ? ನೀವದನ್ನು ಸೈಕಲ್ಲಿನಲ್ಲಿ ಇಳಿದೇ ಇರಲಿಲ್ಲ! ತಿಂಗಳೊಳಗೆ ನಿಮ್ಮ ಗೆರೆ ಹಿಡಿದು ಸೈಕಲ್ಲುಗಳು ಬಂದವು. ಹಾಲಪ್ಪ ಒಬ್ಬೊಬ್ಬರನ್ನೂ "ಶರ್ವಾಣಿ ಬಂದಾಳೇನ್ರಿ? ಅಕಿ ಕೈ ಹ್ಯಾಂಗೈತ್ರಿ?" ಎಂದು ಕೇಳುತ್ತಿದ್ದನಂತೆ. ನಿಮ್ಮ ಕಡೆಯವರೇ ಇರಬೇಕೆಂದು ಎಲ್ಲರಿಗೂ ತಟ್ಟಿ ತೆರೆದ. ಅವನ ಮಗನೂ ತೆರೆದ. ಹಾಗೆ ತೆರೆದದ್ದೇ ಈಗ ನಮಗೆ ಮುಳುವಾಗಿದೆ.

ಸವಾರರ ಸಂಘವೊಂದು ನಿಮ್ಮ ಗೆರೆಯನ್ನೇ ಆಧಾರವಾಗಿಟ್ಟು ದಾರಿಪೀಠಕ್ಕೆ ಹೋಗಿದೆ. ದಾರಿಯ ವ್ಯಾಜ್ಯ ತೀರಿಸುವ ಕಟ್ಟೆ ಅದು. ಮಾಘದೊಳಗೆ ಎರಡೂ ತಟ್ಟಿ ಕಿತ್ತುಹಾಕಬೇಕೆಂದು ತೀರ್ಪಾಗಿದೆ. ತಟ್ಟಿಯಿಲ್ಲದ ರೊಪ್ಪಕ್ಕೆ ತೋಳ ನುಗ್ಗುತ್ತದೆ, ಮರಿಗಳು ಉಳಿಯುವುದಿಲ್ಲ, ಕುರಿ ಉಳಿಯದಿದ್ದರೆ ಹಟ್ಟಿಯೂ ಉಳಿಯುವುದಿಲ್ಲ. ವಿಚಾರಣೆಯ ದಿನ ನಾನು ಪೀಠದ ಮುಂದೆ ಎದ್ದು ನಿಂತು ಹೇಳಿದೆ, ಅದು ಟಂಟಂ ಹೋದ ಗೆರೆ, ಸೈಕಲ್ಲಿನದಲ್ಲ ಎಂದು. "ಚಕ್ರ ಚಕ್ರವೇ ಅಲ್ಲವೇನಮ್ಮ?" ಎಂದರು ಪೀಠದ ಹಿರಿಯರು. ಕಾನೂನಿನಲ್ಲಿ ಇರುವುದು ಒಂದೇ ಸಂದು: ಗೆರೆ ಎಳೆದವರೇ ಅಳಿಸಬಹುದು. ಇನ್ನೊಬ್ಬರು ಅಳಿಸುವಂತಿಲ್ಲ. ನಮ್ಮ ರೊಪ್ಪದ ನೇಮದ ಹಾಗೆಯೇ.

ದೀಪಾವಳಿಗೆ ಊರಿಗೆ ಹೋಗಿದ್ದೆ. ತೀರ್ಪು ಅಜ್ಜಿಗೂ ಗೊತ್ತು. ಗೆರೆ ಯಾರದೆಂದು ಮಾತ್ರ ಗೊತ್ತಿಲ್ಲ. ಕೆಳಗಿನ ತಟ್ಟಿಗೆ ಹೊಸ ಮುಳ್ಳು ಹೆಣೆಯುತ್ತ ಕೂತಿದ್ದಳು. ಕಿತ್ತುಹಾಕುವ ತಟ್ಟಿಗೆ ಹೊಸ ಮುಳ್ಳು ಯಾಕಜ್ಜಿ ಎಂದರೆ, "ಅಕಿ ಬಂದ್ರ ಮುಚ್ಚಾಕ ಏನಾರ ಇರಬೇಕಲ್ಲ. ಅಕಿ ಒಬ್ಬಾಕಿ ಬಂದು ಹೇಳಿದ್ರ ಸಾಕಿತ್ತು ನೋಡು, ಇದು ದಾರಿ ಅಲ್ಲ, ನನ್ನ ಸಲುವಾಗಿ ತೆಗೆದಿದ್ರು ಅಂತ. ಸಿಕ್ಕಳೇನ ಯವ್ವಾ?" ಎಂದಳು. "ಹುಡುಕ್ತಿದೀನಿ ಅಜ್ಜಿ," ಎಂದೆ. ಎದ್ದು ಒಳಗೆ ಹೋಗಿ ನೀರು ಕುಡಿದೆ. ನಿಮ್ಮ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ನಮಗೆ ಕೆಟ್ಟದ್ದು ಮಾಡಿದವರು ಬಹಳ ಮಂದಿ, ಆದರೆ ಅವರಲ್ಲಿ ಯಾರ ಹೆಸರನ್ನೂ ನಾವು ಬಾಗಿಲಿಗೆ ಇಟ್ಟಿರಲಿಲ್ಲ.

ಈ ಪತ್ರ ಸರಿಯಾದ ವಾರಕ್ಕೆ ತಲುಪಿದ್ದರೆ ನೀವೀಗ ಮನೆಯಲ್ಲಿದ್ದೀರಿ, ಆ ಸಾಲು ಬರೆದು ಮುಗಿಸಿದ್ದೀರಿ ಅಥವಾ ಬರೆಯುವವರಿದ್ದೀರಿ. ನೀವು ಹಟ್ಟಿಗೆ ಬರುವುದೇನೂ ಬೇಡ. ಹಾಲು ಕುಡಿದ ಜಾಗದಿಂದ ಮುಂದಿನ ಗೆರೆಯನ್ನು ಅಳಿಸಿಬಿಡಿ. ತಟ್ಟಿ ಮುಚ್ಚಿದಂತಾಗುತ್ತದೆ. ಆಮೇಲೆ ನಾನು ಅಜ್ಜಿಗೆ, ಸಿಕ್ಕಳು ಅನ್ನಬಹುದು.

ಎಡಗೈ ಎತ್ತಲಾಗುವುದಿಲ್ಲವೆಂದು ಗೊತ್ತು. ಇದಕ್ಕೆ ಬಲಗೈಯ ಒಂದು ಬೆರಳು ಸಾಕು.

ಹಾಲಸಿರಿ
ಹಾಲಪ್ಪನ ಹಟ್ಟಿ, ಹುಲಿಕೊಳ್ಳ