ಅಳತೆ ಪುಸ್ತಕದಲ್ಲಿ ಇಲ್ಲದ ಹೆಸರು

ಪ್ರೀತಿಯ ಅಕ್ಕ,

ನಿನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕಕ್ಕಾಗಿ ಮನೆ ತಲೆಕೆಳಗು ಮಾಡಬೇಡ. ಹೇಳದೆ ಕೇಳದೆ ತಂದವಳು ನಾನೇ. ಸೋಮವಾರದ ಸಾಫ್ಟ್‌ವೇರ್ ಡೆವಲಪರ್ ಪರೀಕ್ಷೆಯ ಅಭ್ಯಾಸಕ್ಕೆ ಬೇಕಿತ್ತು.

ಅದನ್ನಿಟ್ಟುಕೊಂಡು ಒಂದು ವೆಬ್ ಎಪಿಐ ಮಾಡಿದೆ, ಅಂದರೆ ಇಂಟರ್ನೆಟ್ಟಿನಲ್ಲಿ ಕೇಳಿದ ಮಾಹಿತಿಯನ್ನು ಹುಡುಕಿಕೊಡುವ ಪ್ರೋಗ್ರಾಂ. ಅದರ ವೆಬ್ ವಿಳಾಸದಲ್ಲಿ ಗಿರಾಕಿಯ ಹೆಸರು ಬರುವ ಕಡೆ ಆವರಣ ಚಿಹ್ನೆ ಹಾಕಿ ಜಾಗ ಬಿಡಬೇಕು. ಯಾರ ಹೆಸರು ಬಂದರೆ ಅವರ ಅಳತೆ ಸಿಗುತ್ತದೆ. ನಾನು ಜಾಗ ಬಿಡದೆ, ಮೊದಲು ಕಣ್ಣಿಗೆ ಬಿದ್ದ ಬ್ಯಾಂಕ್ ಮ್ಯಾನೇಜರ ಹೆಸರನ್ನೇ ಬರೆದುಬಿಟ್ಟೆ. ಯಾರ ಅಳತೆ ಕೇಳಿದರೂ ಆ ಮ್ಯಾನೇಜರ ಹೊಟ್ಟೆಯ ಸುತ್ತಳತೆಯೇ ಬಂತು! ಪಾಠ ಹೇಳಿಕೊಡುವ ಮೇಡಂ, "ಊರಿಗೆಲ್ಲ ಒಂದೇ ಅಂಗಿ ಹೊಲೀತೀಯೇನಮ್ಮಾ?" ಅಂದರು.

ತಿದ್ದಿದೆ. ಎಲ್ಲರ ಅಳತೆಯೂ ಸರಿಯಾಗಿ ಬಂತು. ಕೊನೆಗೆ ಆಸೆಯಿಂದ ನಿನ್ನ ಹೆಸರು ಕೊಟ್ಟೆ. ಸಿಗಲಿಲ್ಲ ಎಂದಿತು. ಮತ್ತೆ ನನ್ನದೇ ತಪ್ಪಿರಬೇಕೆಂದು ಪುಸ್ತಕವನ್ನು ಪುಟಪುಟವೂ ಹುಡುಕಿದೆ. ಎಂಟು ವರ್ಷದವಳಿದ್ದಾಗಿನಿಂದ ನನ್ನ ಅಳತೆ ಹನ್ನೊಂದು ಸಲ ಇದೆ. ನಿನ್ನದು ಒಂದು ಸಲವೂ ಇಲ್ಲ.

ಭಾನುವಾರ ಪುಸ್ತಕ ತರುತ್ತೇನೆ. ಟೇಪು ತೆಗೆದಿಡು, ನಿನಗಿಷ್ಟವಾದ ಬಟ್ಟೆಯನ್ನೂ ಆರಿಸಿಡು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಅಲ್ಲಾಡ್ಬೇಡ್ವೇ, ಒಂದೇ ನಿಮಿಷ" ಎಂದು ನನ್ನನ್ನು ಗದರುತ್ತಿದ್ದೆಯಲ್ಲ?

ಈ ಸಲ ನೀನು ಅಲ್ಲಾಡಬೇಡ.

ನಿನ್ನ ಬೆನ್ನು ಬಿಡದ
ಬಾಲ